ಜಲಚರ ಗೃಹಪ್ರವೇಶ ಮೀಮಾಂಸೆ

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಅದರೊಳಗೆ ಹವಳ, ಮೀನು, ಸೀಗಡಿ, ಶಂಖದ ಹುಳುಗಳನ್ನು ಬದುಕಿಸುವ ವಿದ್ಯೆಗೆ ರೀಫ್ ಅಕ್ವೇರಿಯಂ ಎಂದು ಹೆಸರು. ಆ ತೊಟ್ಟಿಗೆ ಯಾವ ಜೀವಿ ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಹಣ ಕೊಡುವ ಮೊದಲೇ ನಿರ್ಣಯಿಸುವ ಶಾಸ್ತ್ರವೇ ಜಲಚರ ಗೃಹಪ್ರವೇಶ ಮೀಮಾಂಸೆ. ಹಣ ಕೊಟ್ಟ ಮೇಲೆ ನಡೆಸುವ ಅಧ್ಯಯನ ಇದರ ವ್ಯಾಪ್ತಿಗೆ ಬರುವುದಿಲ್ಲ. ಅದು ಮರಣೋತ್ತರ ಪರೀಕ್ಷೆಯ ವಿಭಾಗಕ್ಕೆ ಸೇರಿದ್ದು.

ಎಲ್ಲ ಶಾಸ್ತ್ರಗಳಿಗೂ ಇರುವಂತೆ ಇದಕ್ಕೂ ಅನುಬಂಧ ಚತುಷ್ಟಯವುಂಟು. ಇದರ ವಿಷಯ, ಜೀವಿ. ಪ್ರಯೋಜನ, ಆ ಜೀವಿ ಮುಂದಿನ ತಿಂಗಳೂ ಜೀವಿಯಾಗಿಯೇ ಉಳಿಯುವುದು. ಸಂಬಂಧ, ಜೀವಕ್ಕೂ ಜೇಬಿಗೂ ಇರುವಂಥದು. ಅಧಿಕಾರಿಯ ವಿಚಾರಕ್ಕೆ ಮಾತ್ರ ಕೊಂಚ ವಿಸ್ತಾರ ಬೇಕು. ಸಾಧನ ಚತುಷ್ಟಯ ಸಂಪನ್ನನೇ ಇಲ್ಲಿ ಅಧಿಕಾರಿ. ವಿದ್ಯುತ್ ಬಿಲ್ಲು ನಿತ್ಯ, ಮೀನು ಅನಿತ್ಯ ಎಂದು ಅರಿಯುವುದು ನಿತ್ಯಾನಿತ್ಯವಸ್ತುವಿವೇಕ. ಅಂಗಡಿಯ ಗಾಜಿನ ಮುಂದೆ ನಿಂತರೂ ಕೈ ಪರ್ಸಿಗೆ ಹೋಗದಿರುವುದು ವೈರಾಗ್ಯ. ಲವಣಾಂಶ, ಶಾಖ, ಕ್ಷಾರತ್ವ, ಕ್ಯಾಲ್ಸಿಯಂ, ಮೆಗ್ನೀಸಿಯಂ, ನೈಟ್ರೇಟ್ ಇವಿಷ್ಟನ್ನೂ ಬೇಸರಿಸದೆ ಅಳೆಯುವುದು ಶಮಾದಿ ಷಟ್ಕ. ನಾಲ್ಕನೆಯದು ಮುಮುಕ್ಷುತ್ವ, ಅಂದರೆ ಬಿಡುಗಡೆಯ ಬಯಕೆ. ವೇದಾಂತದಲ್ಲಿ ಅದು ಆರಂಭದಲ್ಲೇ ಇರಬೇಕು. ಇಲ್ಲಿ ಕೆಲವು ತಿಂಗಳು ಕಳೆದ ಮೇಲೆ ‘ಟ್ಯಾಂಕ್ ಮಾರಾಟಕ್ಕಿದೆ’ ಎಂಬ ರೂಪದಲ್ಲಿ ತಾನಾಗಿ ಉದಿಸುತ್ತದೆ.

ತೊಟ್ಟಿಗೂ ಅಧಿಕಾರ ಬರಬೇಕು. ಮೀನಿನ ಕಲ್ಮಷದಿಂದ ಹುಟ್ಟುವ ಅಮೋನಿಯಾವನ್ನು ಒಂದು ಬಗೆಯ ಬ್ಯಾಕ್ಟೀರಿಯಾ ನೈಟ್ರೈಟಾಗಿ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಮೊದಲೆರಡು ವಿಷ, ಮೂರನೆಯದು ಅಷ್ಟು ಉಗ್ರವಲ್ಲ. ಈ ಸೂಕ್ಷ್ಮಜೀವಿಗಳು ಕಲ್ಲುಮರಳಿನಲ್ಲಿ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ದಿನ ಖಾಲಿ ನೀರನ್ನು ನೋಡುತ್ತ ಕೂರಲಾಗದವರಿಗೆ ಟಿ.ವಿ. ವಿಧಿಸಲಾಗಿದೆ.

ಈ ವಿದ್ಯೆಯ ಆದ್ಯಾಚಾರ್ಯೆ ಲಂಡನ್ನಿನ ಅನ್ನಾ ಥಿನ್. 1846ರಲ್ಲಿ ಇಂಗ್ಲೆಂಡಿನ ಟಾರ್ಕಿ ಕಡಲತೀರದಿಂದ ಹವಳದ ಜೀವಿಗಳನ್ನು ತಂದು ಅವರು ಮನೆಯಲ್ಲಿ ಸಾಕಿದರು. ಪಂಪಿಲ್ಲದ ಕಾಲವದು. ಅರ್ಧ ಮುಕ್ಕಾಲು ಗಂಟೆ ಮನೆಗೆಲಸದಾಕೆ ತೆರೆದ ಕಿಟಕಿಯ ಮುಂದೆ ನಿಂತು, ನೀರನ್ನು ಪಾತ್ರೆಯಿಂದ ಪಾತ್ರೆಗೆ ಸುರಿದು ಗಾಳಿ ಕೂಡಿಸುತ್ತಿದ್ದಳು. ಇಂದಿನ ಏರ್ ಪಂಪಿನ ಮೂಲಪುರುಷ ಆ ಕೆಲಸದಾಕೆಯೇ. ಆಚಾರ್ಯಪೀಠ ಮಾತ್ರ ಯಜಮಾನಿಗೆ ಸಂದಿದೆ. ಮುಂದೆ 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ‘ದಿ ಅಕ್ವೇರಿಯಂ’ ಎಂಬ ಗ್ರಂಥ ಪ್ರಕಟಿಸಿದ್ದೇ ತಡ, ಜನ ಬುಟ್ಟಿ ಹಿಡಿದು ಕಡಲತೀರಕ್ಕೆ ನುಗ್ಗಿದರು. ಬಂಡೆಯ ಕೊಳಗಳು ಬರಿದಾದವೆಂದು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಪುಸ್ತಕದಲ್ಲಿ ಮರುಗಿದ್ದಾನೆ. ಅಧಿಕಾರವಿಚಾರವನ್ನು ಬಿಟ್ಟು ಶಾಸ್ತ್ರ ಮಾತ್ರ ಹರಡಿದ್ದರ ಫಲ ಅದು.

ಇಲ್ಲಿ ಪೂರ್ವಪಕ್ಷ ಹೀಗಿದೆ: ಮೊದಲು ಕೊಳ್ಳಬೇಕು, ಆಮೇಲೆ ಓದಬೇಕು, ಏಕೆಂದರೆ ಓದಿ ಮುಗಿಸುವಷ್ಟರಲ್ಲಿ ಆ ಮೀನನ್ನು ಬೇರೆಯವರು ಕೊಂಡಿರುತ್ತಾರೆ. ಇದಕ್ಕೆ ಸಮಾಧಾನ: ಬೇರೆಯವರು ಕೊಂಡರೆ ಅದು ಬೇರೆಯವರ ಮನೆಯಲ್ಲಿ ಸಾಯುತ್ತದೆ. ಇದರಲ್ಲಿ ನಷ್ಟವೆಲ್ಲಿ ಎಂದು ಸಿದ್ಧಾಂತಿ ಕೇಳುತ್ತಾನೆ. ಪೂರ್ವಪಕ್ಷಿ ಉತ್ತರ ಕೊಡುವುದಿಲ್ಲ. ಆ ಹೊತ್ತಿಗೆ ಅವನು ಬಿಲ್ಲು ಬರೆಸುತ್ತಿರುತ್ತಾನೆ.

ಜೀವಿಯ ಕುರಿತ ಜ್ಞಾನ ಹುಟ್ಟುವ ದಾರಿಗಳು ಆರು. ಭಾಟ್ಟ ಮೀಮಾಂಸಕರು ಒಪ್ಪಿದ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿಗಳೇ ಅವು. ಚಾರ್ವಾಕರಂತೆ ಪ್ರತ್ಯಕ್ಷ ಒಂದನ್ನೇ ನಂಬುವ ಗ್ರಾಹಕರೆಂದರೆ ಅಂಗಡಿಯವರಿಗೆ ಪಂಚಪ್ರಾಣ.

ಪ್ರತ್ಯಕ್ಷಕ್ಕೆ ಮೊದಲು ಸಿಕ್ಕುವುದು ಬಣ್ಣ. ಪಶ್ಚಿಮ ಪೆಸಿಫಿಕ್‌ನ ಮ್ಯಾಂಡರಿನ್ ಮೀನಿನ ನೀಲಿ ಮೈಮೇಲೆ ಕಿತ್ತಳೆ ಬಳ್ಳಿಗಳು ಹರಿದಿರುತ್ತವೆ. ನೋಡಿದವರು ಸೋಲದಿರುವುದು ಕಷ್ಟ. ಕಣ್ಣಿಗೆ ಬೀಳದ್ದು ಅದರ ಊಟ. ಕೋಪಿಪಾಡ್ ಎಂಬ ಹುಡಿಯಷ್ಟು ಸಣ್ಣ ಜೀವಿಗಳನ್ನು ಅದು ದಿನವಿಡೀ ಕಲ್ಲಿನ ಮೇಲಿಂದ ಒಂದೊಂದಾಗಿ ಹೆಕ್ಕಿ ತಿನ್ನಬೇಕು. ಹೊಸ ತೊಟ್ಟಿಯಲ್ಲಿ ಆ ದಾಸ್ತಾನು ಬೇಗ ಮುಗಿಯುತ್ತದೆ. ಬಳಿಕ ತೇಲುವ ಕಾಳುಗಳ ನಡುವೆಯೇ ಮೀನು ಉಪವಾಸ ಬಿದ್ದು ಸೊರಗುತ್ತದೆ. ಪ್ರತ್ಯಕ್ಷದಲ್ಲಿ ಭ್ರಮೆಯೂ ಉಂಟು. ಚಿಪ್ಪನ್ನು ಬೆಳ್ಳಿಯೆಂದು ತಿಳಿದವನ ದೃಷ್ಟಾಂತವನ್ನು ವೇದಾಂತಿಗಳು ಶತಮಾನಗಳಿಂದ ಹೇಳುತ್ತ ಬಂದಿದ್ದಾರೆ. ಅವನು ಕಳೆದುಕೊಂಡದ್ದು ಬೆಳ್ಳಿಯ ಆಸೆಯೊಂದನ್ನೇ. ಕೋನಸ್ ಜಿಯಾಗ್ರಫಸ್ ಎಂಬ ಶಂಖದ ಹುಳುವನ್ನು ಬರಿಯ ಚಿಪ್ಪೆಂದು ತಿಳಿದು ಅಂಗೈಯಲ್ಲಿ ಇಟ್ಟುಕೊಂಡವರಲ್ಲಿ ಕೆಲವರು ಪ್ರಾಣವನ್ನೇ ಬಿಟ್ಟಿದ್ದಾರೆ. ಅದರ ವಿಷಬಾಣಕ್ಕೆ ಪ್ರತಿವಿಷವಿಲ್ಲ.

ಭ್ರಮೆಗೆ ಇನ್ನೂ ಚೊಕ್ಕವಾದ ಉದಾಹರಣೆ ಕ್ಲೀನರ್ ರಾಸ್. ಈ ಪುಟ್ಟ ಮೀನು ದೊಡ್ಡ ಮೀನುಗಳ ಮೈಗೆ ಹತ್ತಿದ ಪರೋಪಜೀವಿಗಳನ್ನು ತಿಂದು ಶುಚಿ ಮಾಡುತ್ತದೆ. ಬಣ್ಣ, ಆಕಾರ, ನಡೆಗಳಲ್ಲಿ ಥೇಟ್ ಇದನ್ನೇ ಹೋಲುವ ಬ್ಲೆನ್ನಿ ಜಾತಿಯ ಮೀನೊಂದಿದೆ. ಅದು ಶುಚಿ ಮಾಡುವ ನೆಪದಲ್ಲಿ ಹತ್ತಿರ ಬಂದು ರೆಕ್ಕೆಯ ತುಣುಕನ್ನೇ ಕಚ್ಚಿಕೊಂಡು ಹೋಗುತ್ತದೆ. ಹಾಗೆಂದು ಅಸಲಿಯನ್ನು ತಂದರೆ ಸುಖವೆಂದೇನಿಲ್ಲ. ಮನೆಯ ತೊಟ್ಟಿಯ ನಾಲ್ಕು ಮೀನುಗಳ ಮೈಕೊಳೆಯಲ್ಲಿ ಅದರ ಸಂಸಾರ ಸಾಗದು; ಬಹುಪಾಲು ಹಸಿವಿನಿಂದ ಸಾಯುತ್ತವೆ. ಈ ಮೀನು ಕನ್ನಡಿಯಲ್ಲಿ ತನ್ನನ್ನು ತಾನೇ ಗುರುತಿಸಿಕೊಳ್ಳುವಂತೆ ವರ್ತಿಸುತ್ತದೆ ಎಂಬ ಪ್ರಯೋಗ 2019ರಲ್ಲಿ ಪ್ರಕಟವಾಯಿತು. ಆತ್ಮಜ್ಞಾನದ ಈ ಪರೀಕ್ಷೆಯನ್ನು ಗ್ರಾಹಕರ ಮೇಲೆ ಇನ್ನೂ ನಡೆಸಿಲ್ಲ.

ಅನುಮಾನಕ್ಕೆ ತಾರ್ಕಿಕರ ಬೆಟ್ಟ, ಹೊಗೆ, ಬೆಂಕಿ ಪ್ರಸಿದ್ಧ. ಅಂಗಡಿಯ ಅನುಮಾನ ಹೀಗೆ ಸಾಗುತ್ತದೆ: ಈ ಮೀನು ಚಿಕ್ಕದು, ಆದ್ದರಿಂದ ಚಿಕ್ಕದಾಗಿಯೇ ಇರುತ್ತದೆ. ಇದು ಹೇತ್ವಾಭಾಸ, ಅಂದರೆ ಹುಸಿ ಕಾರಣ. ಹೆಬ್ಬೆರಳುದ್ದದ ನೀಲಿ ಟ್ಯಾಂಗ್ ಬೆಳೆದರೆ 30 ಸೆಂಟಿಮೀಟರ್ ಆಗುತ್ತದೆ, ಈಜಲು ಆರಡಿ ಉದ್ದದ ತೊಟ್ಟಿ ಕೇಳುತ್ತದೆ. ಬಿಳಿ ಮೈಮೇಲೆ ಕಪ್ಪು ಬೊಟ್ಟಿಟ್ಟುಕೊಂಡು ಮಗುವಿನಂತೆ ತೊನೆಯುವ ಪ್ಯಾಂಥರ್ ಗ್ರೂಪರ್ 70 ಸೆಂಟಿಮೀಟರ್‌ವರೆಗೆ ಬೆಳೆಯಬಲ್ಲದು, ಆ ದಾರಿಯಲ್ಲಿ ತೊಟ್ಟಿಯ ಉಳಿದ ಪ್ರಜೆಗಳನ್ನು ನುಂಗಬಲ್ಲದು. ಬಾಯಿಗೆ ಹಿಡಿಸುವುದೆಲ್ಲ ಆಹಾರ ಎಂಬ ವ್ಯಾಪ್ತಿಗೆ ಸಮುದ್ರದಲ್ಲಿ ಅಪವಾದ ಕಡಿಮೆ.

ಗೋವಿನಂತಿರುವುದು ಗವಯ ಎಂದು ಕೇಳಿ ತಿಳಿದವನು ಕಾಡಿನಲ್ಲಿ ಗವಯವನ್ನು ಗುರುತಿಸುತ್ತಾನೆ, ಅದು ಉಪಮಾನ. ‘ಫೈಂಡಿಂಗ್ ನೀಮೊ’ ಚಿತ್ರದ ಗಿಲ್ ಎಂಬ ಪಾತ್ರ ಮೂರಿಷ್ ಐಡಲ್ ಎಂಬ ಮೀನು. ಅದನ್ನೇ ಹೋಲುವ ಹೆನಿಯೋಕಸ್ ಎಂಬ ಚಿಟ್ಟೆಮೀನು ಇದೆ. ಕಪ್ಪು ಬಿಳಿ ಹಳದಿ ಪಟ್ಟೆ, ಬೆನ್ನಮೇಲೆ ಉದ್ದನೆಯ ತುರಾಯಿ ಎರಡಕ್ಕೂ ಒಂದೇ. ಹೆನಿಯೋಕಸ್ ತೊಟ್ಟಿಯ ಊಟಕ್ಕೆ ಬೇಗ ಒಗ್ಗುತ್ತದೆ. ಮೂರಿಷ್ ಐಡಲ್ ಹೆಚ್ಚಾಗಿ ಬಾಯೇ ತೆರೆಯದೆ ಕೃಶವಾಗಿ ಅಳಿಯುತ್ತದೆ. ಸಾದೃಶ್ಯ ಚರ್ಮದ್ದು, ಜಠರದ್ದಲ್ಲ.

ನಾಲ್ಕನೆಯದಾದ ಶಬ್ದಪ್ರಮಾಣದಲ್ಲೇ ಈ ಶಾಸ್ತ್ರದ ತಿರುಳಿದೆ. ಆಪ್ತನ ವಾಕ್ಯ ಪ್ರಮಾಣ. ವಿಷಯವನ್ನು ಬಲ್ಲವನು, ಸುಳ್ಳಿನಿಂದ ಲಾಭವಿಲ್ಲದವನು ಆಪ್ತ. ಈ ಎರಡು ಲಕ್ಷಣಗಳಲ್ಲಿ ಮೊದಲನೆಯದು ಅಂಗಡಿಯವನಲ್ಲಿ ಇರಬಹುದು. ಎರಡನೆಯದು ಇರುವಂತಿಲ್ಲ, ಅವನೂ ಬಾಡಿಗೆ ಕಟ್ಟಬೇಕು. ಅವನು ಉಚ್ಚರಿಸುವ ಮಹಾವಾಕ್ಯಗಳು ಎರಡು: ‘ಹಾರ್ಡಿ ಸಾರ್’, ‘ರೀಫ್ ಸೇಫ್ ಸಾರ್’. ಇವು ವಿಧಿವಾಕ್ಯಗಳಲ್ಲ, ಅರ್ಥವಾದಗಳು, ಅಂದರೆ ಸ್ತುತಿ. ಕೋರಲ್ ಬ್ಯೂಟಿ ಎಂಬ ಕುಳ್ಳ ಏಂಜೆಲ್ ಮೀನು ಒಂದು ಮನೆಯಲ್ಲಿ ವರ್ಷಗಟ್ಟಲೆ ಹವಳದ ತಂಟೆಗೆ ಹೋಗದಿರಬಹುದು, ಇನ್ನೊಂದು ಮನೆಯಲ್ಲಿ ಮೊದಲ ವಾರವೇ ಹವಳದ ಮೇಲೆ ಬಾಯಿ ಹಾಕಬಹುದು. ಜಾತಿಯ ಲಕ್ಷಣ ಪುಸ್ತಕದಲ್ಲಿರುತ್ತದೆ, ವ್ಯಕ್ತಿಯ ಚಾಳಿ ಅಲ್ಲಿರುವುದಿಲ್ಲ. ವ್ಯಾಪಾರದ ಹೆಸರುಗಳನ್ನಂತೂ ನೆಚ್ಚಲೇಬಾರದು: ಸ್ಕೂಟರ್ ಬ್ಲೆನ್ನಿ ಎಂದು ಮಾರುವ ಮೀನು ಬ್ಲೆನ್ನಿಯೇ ಅಲ್ಲ, ಮ್ಯಾಂಡರಿನ್‌ನ ದಾಯಾದಿ, ಅದರಷ್ಟೇ ಹಟದ ಹಸಿವು ಅದಕ್ಕೂ ಇದೆ. ಆದ್ದರಿಂದ ವೈಜ್ಞಾನಿಕ ಹೆಸರನ್ನು ಬರೆಸಿಕೊಳ್ಳದೆ ವಿಚಾರ ಆರಂಭಿಸಕೂಡದು.

ಆ ಹೆಸರು ಹಿಡಿದು ಹೋದರೆ ಶ್ರುತಿ, ಸ್ಮೃತಿ ಎರಡೂ ಸಿಗುತ್ತವೆ. ಫಿಶ್‌ಬೇಸ್‌ನಂಥ ಮತ್ಸ್ಯಕೋಶಗಳು ಶ್ರುತಿ. ಗರಿಷ್ಠ ಉದ್ದ, ನೆಲೆ, ಆಳ, ಆಹಾರಗಳನ್ನು ಅಲ್ಲಿ ತಿಳಿಯಬೇಕು. ಸಾಕಿದವರ ಅನುಭವ ಸ್ಮೃತಿ. ಎರಡಕ್ಕೂ ವಿರೋಧ ಬಂದಾಗ ಶ್ರುತಿಯೇ ಬಲಿಷ್ಠವೆಂಬುದು ಸಾಮಾನ್ಯ ನಿಯಮ. ಆದರೆ ‘ತೊಟ್ಟಿಯಲ್ಲಿ ಏನು ತಿಂದೀತು’ ಎಂಬ ಪ್ರಶ್ನೆಗೆ ಸ್ಮೃತಿಯ ಮಾತನ್ನೇ ಕೇಳಬೇಕು, ಯಾಕೆಂದರೆ ಕಾಳು ಹಾಕಿ ಕೈ ಸೋತವರು ಅವರು. ಅಂಗಡಿಯಲ್ಲಿ ಒಂದೇ ಒಂದು ಪ್ರಶ್ನೆ ಉಳಿಯುತ್ತದೆ: ಇದು ಈಗ ತಿನ್ನುವುದನ್ನು ತೋರಿಸಬಹುದೇ? ಮೀನು ತಿನ್ನದಿದ್ದರೆ ಶಬ್ದಪ್ರಮಾಣ ಅಲ್ಲಿಗೆ ಬಿದ್ದುಹೋಗುತ್ತದೆ. ಅದು ಹೇಗೆ ಹಿಡಿದ ಮೀನೆಂಬುದೂ ವಿಚಾರಣೀಯ. 1960ರ ದಶಕದಿಂದ ಫಿಲಿಪೀನ್ಸ್‌ನಲ್ಲಿ ಸೋಡಿಯಂ ಸಯನೈಡ್ ಚಿಮುಕಿಸಿ ಮತ್ತು ಬರಿಸಿ ಅಲಂಕಾರದ ಮೀನು ಹಿಡಿಯುವ ಪದ್ಧತಿ ಹಬ್ಬಿತು; ಹಾಗೆ ಹಿಡಿದ ಮೀನು ಚೆನ್ನಾಗಿಯೇ ಕಂಡು ಕೆಲವು ವಾರಗಳಲ್ಲಿ ಸಾಯಬಹುದು. ಈ ಕಾರಣಕ್ಕೆ ಮರಿಕೇಂದ್ರದಲ್ಲಿ ಹುಟ್ಟಿದ ಮೀನು ಸರ್ವಥಾ ಶ್ರೇಷ್ಠ. ಕ್ಲೌನ್ ಮೀನು ಹಾಗೆ ಧಾರಾಳವಾಗಿ ಸಿಗುತ್ತದೆ; ಭಾರತದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೂ ಅದರ ಮರಿ ಮಾಡಿಸಿದೆ.

ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ ಎಂಬುದು ಅರ್ಥಾಪತ್ತಿ. ತೊಟ್ಟಿಯಲ್ಲಿ ದಿನಕ್ಕೊಂದು ಸೀಗಡಿ ಕಾಣೆಯಾಗುತ್ತಿದ್ದರೆ ಅಲ್ಲಿಯೂ ಒಬ್ಬ ದೇವದತ್ತನಿದ್ದಾನೆಂದು ತಿಳಿಯತಕ್ಕದ್ದು. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಊರಿನ ಅಕ್ವೇರಿಯಂ ಒಂದರಲ್ಲಿ ಹವಳಗಳು ತುಂಡಾಗತೊಡಗಿದವು, ಮೀನಿಗೆ ಗಾಯವಾಯಿತು, ಕಳ್ಳ ಮಾತ್ರ ಕಾಣಲಿಲ್ಲ. ಕೊನೆಗೆ ಕಲ್ಲುಗಳನ್ನು ಬಿಚ್ಚಿ ನೋಡಿದಾಗ ನಾಲ್ಕಡಿ ಉದ್ದದ ಕಡಲಹುಳು ಸಿಕ್ಕಿತು. ಅದಕ್ಕೆ ಬ್ಯಾರಿ ಎಂದು ನಾಮಕರಣವೂ ಆಯಿತು. ಲೈವ್ ರಾಕ್, ಅಂದರೆ ಜೀವಿಗಳು ನೆಲೆಸಿರುವ ಕಡಲಕಲ್ಲು, ಕೊಳ್ಳುವವರು ಕಲ್ಲಿನ ಜೊತೆಗೆ ಟಿಕೆಟ್ ಇಲ್ಲದೆ ಬರುವ ಪ್ರಯಾಣಿಕರ ವಿಚಾರವನ್ನೂ ಮಾಡಬೇಕೆಂಬ ವಿಧಿ ಇಲ್ಲಿಂದ ಸಿದ್ಧವಾಗುತ್ತದೆ.

ಅನುಪಲಬ್ಧಿ ಎಂದರೆ ಕಾಣದಿರುವುದರಿಂದಲೇ ಇಲ್ಲವೆಂದು ತಿಳಿಯುವುದು. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಆದರೆ ಇದ್ದಿದ್ದರೆ ಕಾಣುತ್ತಿತ್ತು ಎನ್ನುವಂಥ ವಸ್ತುವಿಗೆ ಮಾತ್ರ ಈ ನ್ಯಾಯ ಸಲ್ಲುತ್ತದೆ. ಬಿಲದೊಳಗೆ ಕೂತು ಚಿಟಿಕೆ ಹೊಡೆಯುವ ಪಿಸ್ತೂಲ್ ಸೀಗಡಿ ತಿಂಗಳುಗಟ್ಟಲೆ ಕಾಣದಿದ್ದರೂ ಇರುತ್ತದೆ. ಮುಚ್ಚಳವಿಲ್ಲದ ತೊಟ್ಟಿಯ ಫೈರ್‌ಫಿಶ್ ಕಾಣದಿದ್ದರೆ ಸೋಫಾದ ಹಿಂದೆ ಹುಡುಕುವುದು ಸಂಪ್ರದಾಯ. ಆಕ್ಟೋಪಸ್ಸಿನ ದಾರಿಯೇ ಬೇರೆ: 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್‌ನ ರಾಷ್ಟ್ರೀಯ ಅಕ್ವೇರಿಯಂನಿಂದ ಇಂಕಿ ಎಂಬ ಆಕ್ಟೋಪಸ್ ತೊಟ್ಟಿಯಿಂದಿಳಿದು, ನೆಲದ ಮೇಲೆ ತೆವಳಿ, ಚರಂಡಿ ಕೊಳವೆಯ ಮೂಲಕ ಸಮುದ್ರ ಸೇರಿದ ಸುದ್ದಿ ಲೋಕಪ್ರಸಿದ್ಧವಾಯಿತು. ಮೋಕ್ಷಕ್ಕೆ ಗುರುವಿನ ಅಗತ್ಯವಿಲ್ಲವೆನ್ನುವವರು ಇದನ್ನು ಉದಾಹರಿಸಬಹುದು.

ನಿಷೇಧ ಪ್ರಕರಣ ಚಿಕ್ಕದು. ಹಳದಿ ಪೆಟ್ಟಿಗೆಮೀನು ಗಾಬರಿಗೊಂಡರೆ ನೀರಿಗೆ ವಿಷ ಬಿಟ್ಟು ನೆರೆಹೊರೆಯನ್ನೆಲ್ಲ ಕೊಲ್ಲಬಲ್ಲದು. ಕೆಲವು ಪಾಲಿಥೋವಾಗಳಲ್ಲಿ, ಅಂದರೆ ಗುಂಡಿಯಾಕಾರದ ಹವಳಸಂಬಂಧಿಗಳಲ್ಲಿ, ಪಾಲಿಟಾಕ್ಸಿನ್ ಎಂಬ ಉಗ್ರವಿಷವಿದೆ. ಅವು ಅಂಟಿದ ಕಲ್ಲನ್ನು ಶುಚಿ ಮಾಡಲೆಂದು ಕುದಿಸಿ, ಆ ಹಬೆಯಿಂದ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ವೈದ್ಯಕೀಯ ದಾಖಲೆಯಲ್ಲಿವೆ. ನೀಲಿ ಉಂಗುರದ ಆಕ್ಟೋಪಸ್ ಬಗ್ಗೆ ವಿಚಾರವೇ ಬೇಡ.

ಇಷ್ಟೆಲ್ಲ ದಾಟಿ ಬಂದ ಜೀವಿಯೂ ನೇರ ತೊಟ್ಟಿಗೆ ಇಳಿಯುವಂತಿಲ್ಲ, ಅದಕ್ಕೆ ಸೂತಕವಿದೆ. ಮನುಷ್ಯರಿಗೆ ಹತ್ತು ದಿನವಾದರೆ ಮೀನಿಗೆ ಕನಿಷ್ಠ ಒಂದು ತಿಂಗಳು, ಪ್ರತ್ಯೇಕ ತೊಟ್ಟಿಯಲ್ಲಿ. ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೊಕಾರಿಯಾನ್ ಪರಜೀವಿ ಮೀನಿನ ಮೈಬಿಟ್ಟು ಕಲ್ಲುಮರಳಿನಲ್ಲಿ ಕೋಶ ಕಟ್ಟಿ ಅವಿತಿರುತ್ತದೆ. ಒಮ್ಮೆ ಹೊಕ್ಕರೆ ತೊಟ್ಟಿಯನ್ನು ಮೀನಿಲ್ಲದೆ 76 ದಿನ ಖಾಲಿ ಬಿಡುವುದು ಬಲ್ಲವರ ರೂಢಿ. ತಾಮ್ರದ ಮದ್ದು ಮೀನನ್ನು ಉಳಿಸುತ್ತದೆ, ಹವಳ ಸೀಗಡಿಗಳನ್ನು ಕೊಲ್ಲುತ್ತದೆ. ಆದ್ದರಿಂದ ಚಿಕಿತ್ಸೆಯೂ ಹೊರಗೇ.

ರಾಜಶಾಸನವನ್ನೂ ನೋಡಬೇಕು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪರಿಶಿಷ್ಟಕ್ಕೆ 2001ರಲ್ಲಿ ಬಂಡೆ ಕಟ್ಟುವ ಹವಳಗಳು, ಕಡಲ ಬೀಸಣಿಗೆಗಳು, ಕಡಲಕುದುರೆಗಳು ಸೇರಿವೆ. ಹುಲಿಗೆ ಕೊಟ್ಟ ಪೀಠವೇ ಇವಕ್ಕೂ. ನಮ್ಮ ಕಡಲಿನ ಹವಳವನ್ನು, ಸತ್ತ ತುಂಡನ್ನು ಕೂಡ, ಮನೆಗೆ ತರುವುದು ಅಪರಾಧ. ‘ಅಂಗಡಿಯಲ್ಲಿ ಇತ್ತು’ ಎಂಬುದು ಅಲ್ಲಿ ಪ್ರಮಾಣವಲ್ಲ.

ಕೊನೆಯದು ಪ್ರಾಯಶ್ಚಿತ್ತ ಪ್ರಕರಣ. ವಿಚಾರಿಸದೆ ತಂದ ಜೀವಿಯನ್ನು ಏನು ಮಾಡುವುದು? ಸಮುದ್ರಕ್ಕೆ ಬಿಟ್ಟರೆ ಪುಣ್ಯವೆಂದು ಕೆಲವರ ಮತ. ಅಟ್ಲಾಂಟಿಕ್‌ಗೆ ಪರಕೀಯವಾದ ಲಯನ್ ಮೀನು 1985ರಲ್ಲಿ ಫ್ಲಾರಿಡಾ ಕರಾವಳಿಯಲ್ಲಿ ಕಾಣಿಸಿಕೊಂಡಿತು. ಅಕ್ವೇರಿಯಂಗಳಿಂದ ಬಿಟ್ಟವುಗಳೇ ಅದರ ಮೂಲವೆಂದು ನಂಬಲಾಗಿದೆ. ಇಂದು ಕೆರಿಬಿಯನ್ ತುಂಬ ಅದು ಸ್ಥಳೀಯ ಮರಿಮೀನುಗಳನ್ನು ತಿನ್ನುತ್ತಿದೆ. 1984ರಲ್ಲಿ ಮೊನಾಕೋದ ಸಾಗರ ವಸ್ತುಸಂಗ್ರಹಾಲಯದ ಬಳಿ ಕಂಡ ಕಾಲೆರ್ಪಾ ಎಂಬ ಅಕ್ವೇರಿಯಂ ಪಾಚಿ ಮೆಡಿಟರೇನಿಯನ್ ತಳವನ್ನು ಹಾಸಿಕೊಂಡು ಹೋಯಿತು. ಆದ್ದರಿಂದ ಪೆಸಿಫಿಕ್‌ನ ಮೀನನ್ನು ಮಲ್ಪೆಯಲ್ಲಾಗಲಿ ಉಳ್ಳಾಲದಲ್ಲಾಗಲಿ ಬಿಡತಕ್ಕದ್ದಲ್ಲ. ಕೊಂಡ ಅಂಗಡಿಗೆ ಮರಳಿಸಬಹುದು. ದೊಡ್ಡ ತೊಟ್ಟಿಯುಳ್ಳವರಿಗೆ ಕೊಡಬಹುದು. ಎರಡೂ ಆಗದಿದ್ದರೆ ಅದಕ್ಕೆ ತಕ್ಕ ತೊಟ್ಟಿಯನ್ನೇ ಕಟ್ಟಿಸಬೇಕು. ನಾಲ್ಕನೆಯ ದಾರಿಯನ್ನು ಶಾಸ್ತ್ರ ಹೇಳಿಲ್ಲ.