ಮುಚ್ಚಿಗೆಯ ಕೆಳಗೊಂದು ಪ್ಯಾನೆಲ್

ನಮ್ಮ ಉಳವಿ ಮನೆಯ ನಡುಮನೆಗೆ ತಾಗಿ ಒಂದು ಕೋಣೆಯಿದೆ. ಮರದ ಮುಚ್ಚಿಗೆ ಆರೂವರೆ ಅಡಿಗೇ ಮುಗಿಯುತ್ತದೆ. ಮೇಲೆ ಅಡಿಕೆ ಮೂಟೆ, ಕೆಳಗೆ ನಾವು. ಇಬ್ಬರಲ್ಲಿ ಯಾರಿಗೆ ಹೆಚ್ಚು ಜಾಗ ಬೇಕೆಂಬುದರಲ್ಲಿ ಕಟ್ಟಿಸಿದ ಅಜ್ಜನಿಗೆ ಗೊಂದಲವೇ ಇರಲಿಲ್ಲ. (ಉಳವಿ ಅಂದರೆ ಸೊರಬದ ಉಳವಿ. ಚೆನ್ನಬಸವಣ್ಣನ ಉಳವಿ ಜೋಯಿಡಾ ಕಡೆಯದು. ನನ್ನನ್ನು ಕಂಡ ಕೂಡಲೇ ಜಾತ್ರೆ ಯಾವಾಗ ಎಂದು ಕೇಳುವವರಿಗೆ ಹೇಳಿ ಹೇಳಿ ಸಾಕಾಗಿದೆ.)

ಜೋಗದಲ್ಲಿ 1948ರಲ್ಲೇ ಕರೆಂಟು ಹುಟ್ಟಿದರೂ ಪಕ್ಕದ ನಮ್ಮ ಸೀಮೆಗೆ ಬರಲು ಅದು ಅವಸರ ಮಾಡಲಿಲ್ಲ. ಈ ಕೋಣೆಗಂತೂ ಬಂದದ್ದು ಜೀರೋ ಬಲ್ಬಿನ ರೂಪದಲ್ಲಿ. ಜೀರೋ ಎಂಬುದು ಬೆಳಕಿನ ಮಟ್ಟಿಗೆ ಮಾತ್ರ ನಿಜ. ಕರೆಂಟನ್ನು ಅದು ಸುಮಾರು 15 ವ್ಯಾಟ್ ಎಳೆಯುತ್ತಿತ್ತು. ಅದಕ್ಕಿಂತ ಕಡಿಮೆಯ, 12 ವ್ಯಾಟಿನ ಎಲ್‌ಇಡಿ ಪ್ಯಾನೆಲ್ ಹಾಕಿದರೆ ಕೋಣೆಯೇ ಹಗಲಾಗುತ್ತದೆ ಎಂದು ತಿಳಿದ ದಿನವೇ ಹೆಂಡತಿಯನ್ನು ಕರೆದುಕೊಂಡು ಸಾಗರದ ಪೇಟೆಗೆ ಹೊರಟೆ.

ಅಂಗಡಿಯ ಹುಡುಗ ಕೇಳಿದ: ‘ಸಾರ್, ವಾರ್ಮಾ, ನ್ಯಾಚುರಲ್ಲಾ, ಕೂಲಾ?’ 3000, 4000, 6500 ಕೆಲ್ವಿನ್. ಮೂರನ್ನೂ ಮೇಲೆ ಹಾಕಿ ತೋರಿಸಿದ. ಅಂಗಡಿಯ ಸೀಲಿಂಗು ಹನ್ನೆರಡು ಅಡಿ. ನಮ್ಮದು ಆರೂವರೆ ಅಂದೆ. ಹುಡುಗ ಯೋಚಿಸಿದ. ಸೀಲಿಂಗು ಇಳಿಸಲಾಗದು, ಗಿರಾಕಿಯನ್ನು ಏರಿಸಬಹುದು. ಸ್ಟೂಲು ಬಂತು.

ಹತ್ತಿದೆ. ಸಾಲಲಿಲ್ಲ. ಸ್ಟೂಲಿನ ಕೆಳಗೆ ವೈರಿನ ಪೆಟ್ಟಿಗೆಗಳು ಬಂದವು. ನೆತ್ತಿಗೂ ಪ್ಯಾನೆಲ್ಲಿಗೂ ಮನೆಯಲ್ಲಿರುವಷ್ಟೇ ಅಂತರ ಉಳಿದಾಗ ಹುಡುಗ ಕೈಗೆ ಪೇಪರ್ ಕೊಟ್ಟು ‘ಓದಿ ಸಾರ್’ ಅಂದ. ನಾನು ಗೋಪುರದ ಮೇಲೆ ನಿಂತು ಅಡಿಕೆ ಧಾರಣೆ ಓದತೊಡಗಿದೆ. ಕೆಳಗಿನಿಂದ ಹೆಂಡತಿಯ ತೀರ್ಪು. 6500ಕ್ಕೆ: ‘ರೀ, ಹುಷಾರಿದೀರಾ?’ 3000ಕ್ಕೆ: ‘ಕಾಮಾಲೆಗೆ ನಾಟಿ ಔಷಧಿ ಕೊಡಿಸ್ಬೇಕು.’ 4000ಕ್ಕೆ ಸ್ವಲ್ಪ ಹೊತ್ತು ನೋಡಿ, ‘ಇದು ನೀವೇ. ಏನು ಮಾಡಕ್ಕಾಗತ್ತೆ.’ ಅಷ್ಟರಲ್ಲಿ ಒಳಬಂದ ರೈತರೊಬ್ಬರು ನನ್ನ ಪಂಚೆಯ ಅಂಚು ಹಿಡಿದು, ಮೋಟಾರಿನ ಸ್ಟಾರ್ಟರಿಗೆ ಎಷ್ಟಾಗತ್ತೆ ಅಂದರು. ಎತ್ತರದಲ್ಲಿದ್ದವನೇ ಯಜಮಾನ ಅಂದುಕೊಂಡಿರಬೇಕು. ಆ ಕ್ಷಣಕ್ಕೆ ನನಗೂ ಹಾಗೇ ಅನ್ನಿಸಿತ್ತು. ರೇಟು ಗೊತ್ತಿದ್ದರೆ ಹೇಳಿಯೇ ಬಿಡುತ್ತಿದ್ದೆ. ‘ಅರ್ಧ ತಾಸು ಬಿಟ್ಟು ಬನ್ನಿ’ ಅಂದೆ. ಅವರು ನಂಬಿ ಹೋದರು.

ಉಳಿದದ್ದು ಸಲೀಸು. ಫಾಲ್ಸ್ ಸೀಲಿಂಗ್ ಮಾಡಿಸಿದರೆ ನಾವು ಮಂಡಿಯೂರಿ ಓಡಾಡಬೇಕಾದ್ದರಿಂದ ಹಲಗೆಗೇ ಸ್ಕ್ರೂ ಹಾಕುವ ಸರ್ಫೇಸ್ ಪ್ಯಾನೆಲ್ ತಂದೆವು. ದೀಪಗಳು ಅಂಚಿನಲ್ಲಿದ್ದು, ನಡುವಿನ ಹಾಳೆ ಬೆಳಕನ್ನು ಹರಡುವಂಥದ್ದು. ನೆತ್ತಿಗೆ ಹತ್ತಿರವಿದ್ದರೂ ಕಣ್ಣು ಕುಕ್ಕದು. ಎಲೆಕ್ಟ್ರಿಷಿಯನ್ ಏಣಿ ತಂದಿದ್ದ. ಅದನ್ನು ಹೊರಗೇ ಒರಗಿಸಿ ನೆಲದ ಮೇಲೆ ನಿಂತೇ ಕೆಲಸ ಮುಗಿಸಿದ.

ಬೆಂಗಳೂರಿಂದ ಬಂದ ನೆಂಟನೊಬ್ಬ ‘ಆ ಕತ್ತಲೇ ಚೆಂದ ಇತ್ತಲ್ಲೋ ಮಾರಾಯ, ಹೆರಿಟೇಜ್ ಫೀಲ್ ಹೋಯ್ತು’ ಅಂದ. ಮೈಯೆಲ್ಲ ಉರಿಯಿತು. ಮನೆಯ ಹೆಂಗಸರ ಹೆರಿಗೆ, ಬಾಣಂತನ ಎಲ್ಲ ಆದದ್ದು ಆ ಕೋಣೆಯಲ್ಲೇ. ಜಗಲಿಗೆ ಟ್ಯೂಬ್‌ಲೈಟ್ ಬಂದಾಗ ಇಲ್ಲಿಗೂ ಒಂದಿರಲಿ ಎಂದು ಯಾವ ಗಂಡಸಿಗೂ ಹೊಳೆಯಲಿಲ್ಲ. ಇಸ್ಪೀಟಿಗೆ ಬೆಳಕು ಬೇಕಿತ್ತು, ಹೆರುವುದಕ್ಕೆ ಬೇಕಿರಲಿಲ್ಲ.

ಸ್ವಿಚ್ ಹಾಕಿದ ದಿನ ಅಮ್ಮ ಬಾಗಿಲಲ್ಲೇ ನಿಂತು ಗೋಡೆ, ಮೂಲೆ, ತೊಲೆಗೆ ಹಿಡಿದ ಮಸಿ ಎಲ್ಲವನ್ನೂ ನೋಡಿದಳು. ‘ಅಯ್ಯೋ ದೇವರೇ, ಇಂಥ ಕೊಳೆಯೊಳಗೆ ನಿನ್ನ ಹೆತ್ತಿದ್ನಾ!’ ಅಂದವಳು ನಾಳೆಯೇ ಸುಣ್ಣ ತಾ ಎಂದಳು. ಹೊಡೆಯುವುದಕ್ಕೂ ಏಣಿ ಬೇಡ, ಆಳೂ ಬೇಡ, ನಾನೇ ಸಾಕಂತೆ.