ಹಾಡಿಗೊಂದು ಸ್ಟಾಪು

ಬೆಳಗಿನ ರಾಗ ಬೆಳಗ್ಗೆಯೇ ಹಾಡಬೇಕು, ಸಂಜೆಯದು ಸಂಜೆಗೇ ಹಾಡಬೇಕು ಅಂತ ಧಾರವಾಡದ ಬಲ್ಲವರು ಹೇಳುತ್ತಾರೆ. ತೋಡಿಗೊಂದು ಪ್ರಹರ, ಮಾರವಾಕ್ಕೊಂದು ಪ್ರಹರ. ಒಪ್ಪಿಕೊಳ್ಳೋಣ. ದೊಡ್ಡವರ ಮಾತು, ಅದರಲ್ಲೂ ಧಾರವಾಡದವರ ಮಾತು, ಒಪ್ಪದಿದ್ದರೆ ನಾಳೆ ಫೇಡೆ ತರುವುದಿಲ್ಲ. ಆದರೆ ಹಾಡಿಗೆ ಹೊತ್ತು ಗೊತ್ತುಮಾಡಿದ ಈ ಶಾಣ್ಯಾರು ಜಾಗ ಯಾಕೆ ಗೊತ್ತುಮಾಡಲಿಲ್ಲ ಅನ್ನೋದೇ ನನಗೆ ಬಗೆಹರಿಯದ ಪ್ರಶ್ನೆ. ಯಾವ ಊರಲ್ಲಿ ಯಾವ ಹಾಡು ನೆನಪಾಗಬೇಕು ಅನ್ನೋ ಕಾರುಬಾರನ್ನು ನಮ್ಮ ನಮ್ಮ ಕಿವಿಗೆ ಬಿಟ್ಟುಬಿಟ್ಟರು. ಕಿವಿಯೋ, ಚಿಲಕವಿಲ್ಲದ ಮನೆ. ಯಾರು ಮೊದಲು ನುಗ್ಗಿದರೋ ಅವರೇ ಒಳಗೆ ಕಾಲು ಚಾಚಿ ಕೂತರು.

ನಮ್ಮ ಎಂ.ಕೆ. ಹುಬ್ಬಳ್ಳಿಯನ್ನೇ ತಗೊಳ್ಳಿ. ಬೆಳಗಾವಿ-ಧಾರವಾಡ ಹೆದ್ದಾರಿಯ ಮೇಲಿನ ಊರು, ಪಕ್ಕದಲ್ಲೇ ಮಲಪ್ರಭೆ. ಕಲ್ಯಾಣದ ಗದ್ದಲವಾದ ಮೇಲೆ ಉಳವಿಯ ಕಡೆ ಹೊರಟ ಶರಣರ ಜತೆಗಿದ್ದ ಗಂಗಾಂಬಿಕೆ, ಬಸವಣ್ಣನವರ ಮಡದಿ, ಐಕ್ಯಳಾದದ್ದು ಇದೇ ನದಿಯಲ್ಲಿ ಅಂತ ಭಕ್ತರ ನಂಬಿಕೆ. ಇಂಥ ಜಾಗಕ್ಕೆ ಬಂದು ನಿಂತರೆ ಮನಸ್ಸಿನಲ್ಲಿ ಏನು ಏಳಬೇಕು? ಮಲ್ಲಿಕಾರ್ಜುನ ಮನಸೂರರ ದನಿಯಲ್ಲಿ ಒಂದು ವಚನ ಏಳಬೇಕು. ಬಸವರಾಜ ರಾಜಗುರು ಆದರೂ ಅಡ್ಡಿಯಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು ೧೯೫೦ರ ಜನವರಿ ೮ಕ್ಕೆ. ಅಂದಿನಿಂದ ಈ ಭಾಗದ ಚಾ ಅಂಗಡಿಗಳ ಗಲ್ಲಾಪೆಟ್ಟಿಗೆಯ ಮೇಲೆ ಕೂತ ರೇಡಿಯೋ ಮುಂಜಾನೆ ವಚನ ಹಾಡಿ, ಆಮೇಲೆ ಚಾ ಕುಡಿಸುತ್ತ ಬಂದಿದೆ. ಎಲ್ಲ ಸಾಮಗ್ರಿಯೂ ತಯಾರಿತ್ತು. ಆದರೂ ಕೆಲಸ ಕೆಟ್ಟಿತು.

ಕೆಟ್ಟದ್ದು ನಮ್ಮ ಮಾಮಾನ ವಿಷಯದಲ್ಲಿ. ನಿವೃತ್ತ ಮಾಸ್ತರರು. ಕಚ್ಚೆ ಧೋತರ, ಕೈಯಲ್ಲಿ ಕೊಡೆ, ಸಂಗೀತದ ವಿಷಯದಲ್ಲಿ ಕಡು ಮಡಿ. ಸಿನಿಮಾ ಹಾಡು ಕೇಳಿದ ದಿನ ಎರಡು ಸಲ ಬಾಯಿ ಮುಕ್ಕಳಿಸುತ್ತಾರೆ ಅಂತ ನಮ್ಮ ಅತ್ತಿ ಹೇಳುವುದುಂಟು. ಒಂದು ದಿನ ನದಿ ಕಡೆ ಮುಖಮಾಡಿ ಕೈಜೋಡಿಸಿ, ಕಣ್ಣು ಮುಚ್ಚಿ ನಿಂತಿದ್ದರು. ಮುಖದ ಮೇಲೆ ಮಾತ್ರ ಬೇವಿನ ಕಷಾಯ ಕುಡಿದ ಕಳೆ.

"ಮಾಮಾ, ಏನ್ ಧ್ಯಾನ ಮಾಡಾಕತ್ತೀರಿ?"

"ಮಾಡಾಕ ಬಿಟ್ರಲ್ಲೋ! ಆ ಟ್ರ್ಯಾಕ್ಟರ್‌ದಾಂವನ ಹಾಡು ತಲಿಯೊಳಗ ಬಂದು ಕುಂತೈತಿ. ವಚನದ ಮೊದಲನೇ ಸಾಲು ತಗೀತೀನಿ, ಎರಡನೇ ಸಾಲಿಗೆ ಅದೇ ಬರತೈತಿ."

ನಗಬಾರದು ಅಂತ ಬಹಳ ಪ್ರಯತ್ನ ಪಟ್ಟೆ. ಆಗಲಿಲ್ಲ.

ಕಬ್ಬಿನ ಹಂಗಾಮಿನಲ್ಲಿ ಈ ಕಡೆ ಬಂದವರಿಗೆ ಈ ಹಾಡಿನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬರದವರಿಗೆ ಹೇಳುತ್ತೇನೆ. ಟ್ರ್ಯಾಕ್ಟರ್ ಒಂದು, ಅದರ ಹಿಂದೆ ಟ್ರೇಲರ್ ಎರಡು. ಟ್ರೇಲರಿಗಿಂತ ಎತ್ತರಕ್ಕೆ ಒಟ್ಟಿದ ಕಬ್ಬು, ಸೋಗೆ ಎರಡೂ ಕಡೆ ಇಳಿಬಿದ್ದು ರಸ್ತೆ ಗುಡಿಸುತ್ತ ಬರುತ್ತದೆ. ಬಾನೆಟ್ಟಿಗೆ ಜರಿ ಮಾಲೆ, ಕನ್ನಡಿಗೆ ಬಣ್ಣದ ಗೊಂಡೆ. ಡ್ರೈವರನ ಎಡಕ್ಕೂ ಬಲಕ್ಕೂ ಮಡ್‌ಗಾರ್ಡಿನ ಮೇಲೆ ಒಂದೊಂದು ಸ್ಪೀಕರ್ ಡಬ್ಬಿ. ಇದಕ್ಕೆ ಡೆಕ್ಕು ಅನ್ನುತ್ತಾರೆ. ಟ್ರ್ಯಾಕ್ಟರಿಗೆ ಬ್ರೇಕ್ ಇಲ್ಲದಿದ್ದರೂ ನಡೆದೀತು, ಡೆಕ್ಕು ಇಲ್ಲದೆ ನಡೆಯೋದಿಲ್ಲ. ಇಂಜಿನ್ನಿನ ಸದ್ದಿಗಿಂತ ಹಾಡು ಮೇಲಿರಬೇಕು ಅನ್ನೋದು ಈ ಘರಾನೆಯ ಮೊದಲ ನಿಯಮ. ಎರಡನೇ ನಿಯಮ ಇಲ್ಲ.

ಹಾಡಿನ ಹೆಸರು ಜಾನಪದ. ಕಟ್ಟಿದವರು ಯಾರೆಂದು ಗೊತ್ತಿಲ್ಲದ್ದು ಜಾನಪದ ಅಂತ ನಮ್ಮ ಮಾಮಾ ಆಯುಷ್ಯವೆಲ್ಲ ಮಕ್ಕಳಿಗೆ ಪಾಠ ಹೇಳಿದರು. ಈ ಜಾನಪದದಲ್ಲಿ ಬರೆದವನು, ಹಾಡಿದವನು, ಅವನ ಊರು, ಅವನ ಗೆಳೆಯರ ಬಳಗ, ಕೆಲವೊಮ್ಮೆ ಟ್ರ್ಯಾಕ್ಟರಿನ ಮಾಲಕ, ಎಲ್ಲರ ಹೆಸರೂ ಹಾಡಿನೊಳಗೇ ಬಂದುಬಿಡುತ್ತವೆ. ವಿಷಯವೋ, ಕೊಟ್ಟ ಮಾತಿಗೆ ತಪ್ಪಿದ ಮಾವನ ಮಗಳು, ಫೋನ್ ಎತ್ತದ ಗೆಳತಿ. ಕಬ್ಬು ಕಾರ್ಖಾನೆಗೆ ಮುಟ್ಟುವುದರೊಳಗೆ ಅವಳ ಮದುವೆ ಬೇರೆಯವನ ಜತೆ ಆಗಿಹೋಗಿರುತ್ತದೆ. ಮಾಮಾಗೆ ಸಿಟ್ಟು ಬರೋದು ಇಲ್ಲೇ. ನಾನಂದೆ, "ಮಾಮಾ, ಹೆಸರು ಹಾಕೋದು ಹೊಸಾದೇನಲ್ಲ. ವಚನಕಾರರಿಗೆ ಅಂಕಿತ ಇತ್ತಲ್ಲ? ಲಾವಣಿಯವರು ಕಡೀಗೆ ತಮ್ಮ ಊರು, ತಮ್ಮ ಗುರು ಹೇಳತಿದ್ದಿಲ್ಲೇನು?" ಮಾಮಾ ಕೊಡೆ ಎತ್ತಿದರು. ಬಿಸಿಲಿಗೋ ನನಗೋ ತಿಳಿಯಲಿಲ್ಲ. ನಾನು ಎರಡು ಹೆಜ್ಜೆ ಹಿಂದೆ ಸರಿದೆ.

ಆದರೆ ಅಷ್ಟು ಮಡಿಯ ಕಿವಿಗೆ ಆ ಹಾಡು ಹೆಂಗೆ ಅಂಟಿತು? ಇದರ ಬಗ್ಗೆ ನಾನು ಬಹಳ ತಲೆ ಕೆಡಿಸಿಕೊಂಡಿದ್ದೇನೆ, ಬೇರೆ ಕೆಲಸವಿಲ್ಲದ್ದರಿಂದ. ಹೆದ್ದಾರಿಯಲ್ಲಿ ಎಂಥೆಂಥ ಹಾಡು ಹಾಯ್ದುಹೋಗುತ್ತವೆ! ಲಾರಿಯಿಂದ ಅರ್ಧ ಸಾಲು ಪಂಜಾಬಿ, ಕಾರಿನಿಂದ ಕಾಲು ಸಾಲು ಮರಾಠಿ. ಯಾವುದೂ ಕಿವಿಯಲ್ಲಿ ನಿಲ್ಲುವುದಿಲ್ಲ. ನಿಲ್ಲೋದು ಪಾಳಿ ಹಚ್ಚಿದ ಟ್ರ್ಯಾಕ್ಟರಿನ ಹಾಡು. ಕಾರ್ಖಾನೆಯ ಕಡೆ ಕಬ್ಬಿನ ಗಾಡಿ ಒಂದರ ಹಿಂದೊಂದು ನಿಂತಿರುತ್ತವೆ, ಡ್ರೈವರ್ ಸ್ಟೇರಿಂಗ್ ಮೇಲೆ ಕಾಲಿಟ್ಟು ಮಲಗಿರುತ್ತಾನೆ, ಡೆಕ್ಕು ಮಾತ್ರ ಎಚ್ಚರ. ಬಸ್ಸಿಗೆ ಕಾಯುತ್ತ ನಿಂತ ಮಾಮಾ ಅದೇ ಹಾಡು ಮೊದಲಿಂದ ಕಡೆತನಕ, ಮತ್ತೆ ಮೊದಲಿಂದ ಕಡೆತನಕ ಕೇಳಿದ್ದಾರೆ. ಅಂದಮೇಲೆ ನನ್ನ ಸಿದ್ಧಾಂತ ಇಷ್ಟು: ಹಾಡು ಅಂಟೋದು ಚಂದದ ಜಾಗಕ್ಕಲ್ಲ, ಪವಿತ್ರ ಜಾಗಕ್ಕೂ ಅಲ್ಲ. ನಮ್ಮನ್ನು ಕಾಯಿಸಿದ ಜಾಗಕ್ಕೆ.

ಸುಳ್ಳೆನ್ನುವವರು ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿಬರಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಎಲ್ಲಮ್ಮನ ದಾರಿ ತುಂಬ ಚಕ್ಕಡಿ, ಟ್ರ್ಯಾಕ್ಟರು, ನಡೆದು ಬರುವ ಮಂದಿ. ಪಾಳಿಯಲ್ಲಿ ನಿಂತರೆ ಮುಂದಿನವರ ಬೆನ್ನು ಬಿಟ್ಟರೆ ಏನೂ ಕಾಣೋದಿಲ್ಲ. ಕೇಳೋದು ಮಾತ್ರ ಚೌಡಿಕೆ. ಬಗಲಲ್ಲಿ ಅವುಚಿಕೊಂಡ ಒಂದು ಬುರುಡೆ, ಅದಕ್ಕೆ ಒಂದೇ ಒಂದು ತಂತಿ. ಏಳು ಸ್ವರಕ್ಕೆ ಏಳೇಳು ತಂತಿ ಕಟ್ಟಿಕೊಂಡವರು ಒಂದು ತಾಸಿಗೆ ಮುಗಿಸುತ್ತಾರೆ, ಜೋಗತಿ ಈ ಒಂದೇ ತಂತಿ ಮೀಟುತ್ತ ಇಡೀ ಗುಡ್ಡವನ್ನು ಕಾಯಿಸಿ ನಿಲ್ಲಿಸುತ್ತಾಳೆ. ನಡುನಡುವೆ ಉಧೋ ಉಧೋ ಎದ್ದಾಗ ಸಣ್ಣ ಮಕ್ಕಳು ಬೆಚ್ಚಿ ತಾಯಿಯ ಸೆರಗು ಹಿಡಿಯುತ್ತವೆ. ನಮ್ಮ ಅತ್ತಿಗೆ ದೇವಿಯ ಮುಖ ನೆನಪಿದೆಯೋ ಇಲ್ಲವೋ, ಚೌಡಿಕೆ ಮಾತ್ರ ನೆನಪಿದೆ. "ಮುಖ ನೋಡಾಕ ಬಿಡತಾರೇನ? ಮುಂದ ನಡೀರಿ ಮುಂದ ನಡೀರಿ ಅಂತಾರ. ಚೌಡಿಕಿ ಆದ್ರ ಮುಂಜಾನಿಂದ ಕೇಳೇನಿ," ಅನ್ನುತ್ತಾಳೆ. ನೋಡಿ, ನನ್ನ ಸಿದ್ಧಾಂತಕ್ಕೆ ಅತ್ತಿಯ ಸಹಿ ಬಿತ್ತು.

ಕಿತ್ತೂರಿನ ಮಾತೂ ಹಾಗೇ. ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು ೧೮೩೧ರ ಜನವರಿ ೨೬ರಂದು, ನಂದಗಡದಲ್ಲಿ. ನ್ಯಾಯವಾಗಿ ಅವನ ಲಾವಣಿ ನನಗೆ ಅಲ್ಲಿ ನೆನಪಾಗಬೇಕು. ನೆನಪಾಗೋದು ಕಿತ್ತೂರು ಬಸ್ ಸ್ಟ್ಯಾಂಡಿನಲ್ಲಿ, ಯಾಕೆಂದರೆ ತುಂತುಣಿ, ದಪ್ಪು ಹಿಡಿದ ಗೀಗೀ ಮೇಳದವರೂ ನಾನೂ ಒಂದೇ ಬಸ್ಸಿಗೆ ಕಾದಿದ್ದೆವು. ಇನ್ನು ನಮ್ಮ ಕಡೆಯ ಉತ್ಸವಗಳು. ಯಾವ ಊರಿನದು ಅಂತ ಹೇಳೋದಿಲ್ಲ, ಎಲ್ಲ ಊರಿನದೂ ಅಷ್ಟೇ. ಅತಿಥಿಗಳು ಇಗೋ ಬಂದರು, ಅಗೋ ಬಂದರು ಅನ್ನುವುದರೊಳಗೆ ೨೦೧೨ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಸಿನಿಮಾದ ಹಾಡುಗಳೆಲ್ಲ ಮುಗಿದು ಮತ್ತೆ ಮೊದಲಿಂದ ಶುರುವಾಗಿರುತ್ತವೆ. ಆಮೇಲೆ ಬಂದ ಅತಿಥಿಯ ಭಾಷಣ ಯಾರಿಗೂ ನೆನಪಿಲ್ಲ. ಅವರು ತಡಮಾಡಿ ಮಾಡಿದ ಉಪಕಾರ ಅದು.

ಎಲ್ಲಕ್ಕಿಂತ ಮಜಾ ಇರೋದು ಬೈಲಹೊಂಗಲದಲ್ಲಿ. ಕಿತ್ತೂರು ಚೆನ್ನಮ್ಮ ಸೆರೆಯಲ್ಲಿದ್ದು ೧೮೨೯ರ ಫೆಬ್ರುವರಿ ೨ರಂದು ತೀರಿಕೊಂಡ ಊರು. ಸಮಾಧಿಯೂ ಅಲ್ಲೇ. ಇಂಥ ಊರು ವೀರಗೀತೆಗೇ ಹೆಸರಾಗಬೇಕಿತ್ತು. ಆದರೆ ಉತ್ತರ ಕರ್ನಾಟಕದ ಯಾವ ಹಳ್ಳಿಯ ಕಟ್ಟೆಯ ಮೇಲಾದರೂ ಕೂತು "ಬೈಲಹೊಂಗಲ" ಅನ್ನಿ, ಹಿರಿಯರ ಬಾಯಿಗೆ ಬರೋದು ಸಂಗ್ಯಾ ಬಾಳ್ಯಾ ಆಟದ ಪದ. ಸಂಗ್ಯಾನಿಗೆ ಈರಣ್ಣನ ಹೆಂಡತಿ ಗಂಗಿಯ ಮೇಲೆ ಮನಸ್ಸು, ನಡುವೆ ಓಡಾಡುವ ಗೆಳೆಯ ಬಾಳ್ಯಾ, ಕಡೆಗೆ ಆ ಗೆಳೆಯನೇ ತಿರುಗಿಬಿದ್ದು ಕೊಲೆ. ಇದು ಬೈಲಹೊಂಗಲದಲ್ಲಿ ನಡೆದದ್ದೇ ಅಂತ ಜನ ನಂಬಿದ್ದಾರೆ. ಬೇರೆ ಊರಿನವರಾಗಿದ್ದರೆ ಇಂಥ ವಿಷಯ ಮುಚ್ಚಿಹಾಕುತ್ತಿದ್ದರು. ನಮ್ಮವರು ಹಾರ್ಮೋನಿಯಂ ತಂದು, ಪದ ಕಟ್ಟಿ, ಇರುಳೆಲ್ಲ ಆಡಿ ತೋರಿಸಿದರು.

ಆಟ ನೋಡಿದ ಅಜ್ಜಿಯೊಬ್ಬಳು ಹೇಳುತ್ತಿದ್ದಳು: "ಸಂಗ್ಯಾ ಸಾಯೂ ಹೊತ್ತಿಗೆ ಬೆಳಕ ಹರಿತಿತ್ತು ತಮ್ಮಾ. ಮಲಗಿದ ಹುಡುಗೂರನ್ನ ಹೊಡದ ಎಬ್ಬಸತಿದ್ವಿ, ಏಳರಲೇ, ಸಂಗ್ಯಾನ್ನ ಕೊಲ್ಲಾಕತ್ತಾರ ಅಂತ." ರಾತ್ರಿ ಊಟ ಮಾಡಿ ಕಂಬಳಿ ಹೊದ್ದು ಕೂತವರು, ಅವನು ಸಾಯೋದನ್ನು ಕಾಯುತ್ತ ಬೆಳಗು ಮಾಡುತ್ತಿದ್ದರು. ಸಾಯುತ್ತಾನೆ ಅಂತ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತು. ಆದರೂ ಸಾಯುವ ಮುಂಚೆ ಹಾಡಬೇಕಾದ ಪದ ಅಷ್ಟೂ ಹಾಡಿಯೇ ಸಾಯುತ್ತಿದ್ದ. ಇಷ್ಟು ಕಾಯಿಸಿದ ಮೇಲೆ ಅಂಟದೆ ಇದ್ದೀತೇ?

ಸಂಗ್ಯಾನ ಲಾವಣಿಯೂ ಇದೆ. ಶಾಸನಗಳನ್ನು ಓದಿ ಹೆಸರಾದ ಇಂಗ್ಲಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ೧೮೮೦ರ ದಶಕದಲ್ಲಿ ಕನ್ನಡ ಲಾವಣಿಗಳನ್ನು ಕೂಡಿಹಾಕಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚುಮಾಡಿಸಿದ. ರಾಯಣ್ಣನ ಲಾವಣಿ, ಹಲಗಲಿಯ ಬೇಡರ ಲಾವಣಿ, ಅವುಗಳ ಪಕ್ಕದಲ್ಲೇ ಸಂಗ್ಯಾನದು. ಇನ್ನೊಂದು ಇನ್‌ಕಂ ಟ್ಯಾಕ್ಸ್ ಮೇಲೆ! ಹೌದು, ಸರಕಾರ ಆದಾಯದ ಮೇಲೆ ತೆರಿಗೆ ಹಾಕಿದ್ದಕ್ಕೆ ನಮ್ಮ ಜನ ಲಾವಣಿ ಕಟ್ಟಿ ಹಾಡಿದ್ದರು. ಈಗಿನವರು ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಹೋಗಿ ಅಳುತ್ತಾರೆ, ದಪ್ಪು ಇಲ್ಲ, ತಾಳ ಇಲ್ಲ.

ಇಷ್ಟೆಲ್ಲ ಹೇಳಿದರೂ ಮಾಮಾ ಬಗ್ಗಲಿಲ್ಲ. "ಕೀಳು ಹಾಡು ಕೀಳೇ," ಅಂದರು. ಆಗ ನಾನು ಅವರ ದೇವರನ್ನೇ ಅವರ ಮೇಲೆ ಬಿಟ್ಟೆ. ಕುಮಾರ ಗಂಧರ್ವರು ಹುಟ್ಟಿದ್ದು ಎಲ್ಲಿ? ಇದೇ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ, ೧೯೨೪ರ ಏಪ್ರಿಲ್ ೮ಕ್ಕೆ. ಹುಡುಗನಿದ್ದಾಗಲೇ ದೊಡ್ಡವರ ಗಾಯನವನ್ನು ಹಾಗೆಹಾಗೇ ಹಾಡಿ ತೋರಿಸಿ ಗಂಧರ್ವ ಅನ್ನಿಸಿಕೊಂಡವರು. ಆಮೇಲೆ ಕ್ಷಯ ಅಂಟಿತು. ಒಳ್ಳೆಯ ಹವೆಗೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಹಾಡಕೂಡದು ಅಂದರು ಡಾಕ್ಟರು. ವರ್ಷಗಟ್ಟಲೆ ಹಾಸಿಗೆ ಮೇಲೆ ಮಲಗಿ ಕೇಳಿದ್ದೇನು? ಮಾಳವದ ಹೆಣ್ಣುಮಕ್ಕಳ ಹಾಡು, ಮದುವೆಯ ಹಾಡು, ಬೀದಿಯಲ್ಲಿ ಹೋಗುವವರ ಹಾಡು. ಎದ್ದು ಕೂತಮೇಲೆ ಆ ಧಾಟಿಗಳಿಂದಲೇ ಹೊಸ ರಾಗ ತೆಗೆದರು, ಅವಕ್ಕೆ ಧುನ್ ಉಗಮ ಅಂದರು. ಇದಕ್ಕಿಂತ ದೊಡ್ಡ ಕಾಯುವಿಕೆ ಯಾವುದಿದೆ? ಆ ಕಿಟಕಿಯ ಹೊರಗಿನ ಹಾಡಿಗೆ ದೇವಾಸದ ಮಡಿವಂತರೂ ಮೂಗು ಮುರಿದಿರಲಿಕ್ಕೆ ಸಾಕು. "ಹಂಗಾದ್ರ ಮಾಮಾ, ಪಾಳಿ ಹಚ್ಚಿದ ಟ್ರ್ಯಾಕ್ಟರ್ ಹಾಡಿನ್ಯಾಗೂ ಒಂದು ರಾಗ ಇರಬಾರದ್ಯಾಕ?"

ಮಾಮಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅವರು ಕುಮಾರ ಗಂಧರ್ವ. ನೀ ಯಾರು?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಆದರೆ ನನ್ನ ಭಯ ಬೇರೆ. ಮಾಮಾನ ಮೊಮ್ಮಗ ಬೆಂಗಳೂರಿನಿಂದ ಬರುತ್ತಾನೆ. ಕಿವಿಯಲ್ಲಿ ಎರಡು ಬೆಳ್ಳಗಿನ ಬೂಚು. ಕಾರು ಹೆದ್ದಾರಿಯಲ್ಲಿ ಕಬ್ಬಿನ ಗಾಡಿಯನ್ನು ಪಕ್ಕಕ್ಕೆ ಹಾಕಿ ಹಾರಿಬರುತ್ತದೆ. ಮಲಪ್ರಭೆ ದಾಟಿದ್ದು ಅವನಿಗೆ ಗೊತ್ತಾಗುವುದಿಲ್ಲ. "ಯಾವ ಹಾಡು ಕೇಳಿದೆಯೋ?" ಅಂದರೆ, "ಗೊತ್ತಿಲ್ಲ ಅಜ್ಜಾ, ಅದೇ ಹಚ್ಚತೈತಿ, ಅದೇ ಬದಲ ಮಾಡತೈತಿ" ಅನ್ನುತ್ತಾನೆ. ಕಾಯದವನಿಗೆ ಯಾವ ಹಾಡೂ ಅಂಟಿಲ್ಲ, ಕೆಟ್ಟದ್ದೂ ಅಂಟಿಲ್ಲ, ಒಳ್ಳೆಯದೂ ಅಂಟಿಲ್ಲ. ಆ ಮಾತು ಕೇಳಿದ ದಿನ ಮಾಮಾ ರಾತ್ರಿ ಊಟದ ಹೊತ್ತಿಗೆ ಹಣ್ಣಾದ ದನಿಯಲ್ಲಿ ಟ್ರ್ಯಾಕ್ಟರ್ ಹಾಡಿನ ಧಾಟಿ ಗುನುಗುತ್ತಿದ್ದರು ಅಂತ ಅತ್ತಿ ಹೇಳಿದಳು. ಮಾಮಾ ಮಾತ್ರ ಅದು ಭೀಮಪಲಾಸ ಅನ್ನುತ್ತಾರೆ.

ನಿಮಗೂ ಒಂದು ಹಾಡು ಬೇಕಿದ್ದರೆ ಬನ್ನಿ. ಬೇಸಿಗೆಯಲ್ಲಿ ಬರಬೇಡಿ, ಮಳೆಗಾಲದಲ್ಲೂ ಬೇಡ. ಕಬ್ಬು ನುರಿಸುವ ಹಂಗಾಮು ಶುರುವಾದ ಮೇಲೆ ಬನ್ನಿ. ಬೂಚು ಕಿಸೆಯಲ್ಲಿಟ್ಟು ಕೆಂಪು ಬಸ್ಸಿನಲ್ಲೇ ಬನ್ನಿ, ಕಾಯೋದಕ್ಕೆ ಅದಕ್ಕಿಂತ ಒಳ್ಳೆಯ ವ್ಯವಸ್ಥೆ ನಮ್ಮಲ್ಲಿಲ್ಲ. ಬೆಳಗಾವಿಯಲ್ಲಿ ಹತ್ತಿದರೆ ಕಂಡಕ್ಟರಿಗೆ "ಎಂ.ಕೆ." ಅನ್ನೋದು ಮಾತ್ರ ಮರೆಯಬೇಡಿ. ಬರೀ ಹುಬ್ಬಳ್ಳಿ ಅಂದಿರೋ, ಇನ್ನೂ ೬೦ ಕಿಲೋಮೀಟರಿನಷ್ಟು ಮುಂದೆ ಒಯ್ದು ಇಳಿಸುತ್ತಾರೆ. ಅಲ್ಲಿಯ ಹಾಡಿಗೆ ನಾವು ಜವಾಬ್ದಾರರಲ್ಲ.