ಕೆಸರಿನಲ್ಲಿ ಕುಳಿತ ಕರ್ಣಧಾರ

ನನ್ನೂರು ಪಾವಗಡದ ಕಡೆ. ನಮಗೂ ಒಂದು ನದಿಯಿದೆ, ಉತ್ತರ ಪಿನಾಕಿನಿ. ಹುಡುಗರಾಗಿದ್ದಾಗ ಅದರೊಳಗೆ ನಾವು ಕ್ರಿಕೆಟ್ ಆಡುತ್ತಿದ್ದೆವು. ನೀರು ಬಂದ ವರ್ಷ ಪಂದ್ಯ ರದ್ದು. ಇಂಥವನಿಗೆ ಕುಮಟೆ ಕಡೆಯವರು ಹೆಣ್ಣು ಕೊಟ್ಟರು. ಮಾವನ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಅಘನಾಶಿನಿಯ ಹಿನ್ನೀರು. ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಒಂದು ಅಣೆಕಟ್ಟಿಗೂ ಸಿಗದೆ ತದಡಿಯ ಹತ್ತಿರ ಸಮುದ್ರ ಸೇರುವ ಹೊಳೆ ಅದು. ಹೆಸರೇ ಪಾಪ ಕಳೆಯುವವಳು ಎಂದು. ಪಾಪದ ಜೊತೆಗೆ ಅಳಿಯಂದಿರ ಮರ್ಯಾದೆಯನ್ನೂ ಕಳೆಯುತ್ತಾಳೆ ಎಂದು ಮದುವೆಗೆ ಮುಂಚೆ ಯಾರೂ ಹೇಳಿರಲಿಲ್ಲ.

ತಪ್ಪು ಟೀವಿಯದು. ಕೆನಡಾದ ಯಾವುದೋ ಸರೋವರದಲ್ಲಿ ಗಂಡಹೆಂಡತಿ ಕನೂ ಎಂಬ ಉದ್ದನೆಯ ದೋಣಿಯಲ್ಲಿ ಸದ್ದಿಲ್ಲದೆ ತೇಲಿಹೋಗುತ್ತಾರೆ, ದಡದಲ್ಲಿ ಒಂದು ಜಿಂಕೆಯಂಥದ್ದು ತಲೆಯೆತ್ತಿ ನೋಡುತ್ತದೆ. ನನಗೂ ಹಾಗೆ ತೇಲಬೇಕೆನಿಸಿತು. ದುರ್ಬೀನು ಕೊಂಡೆ, ಹಸಿರು ಟೋಪಿ ಕೊಂಡೆ, ಹಕ್ಕಿಗಳ ಪುಸ್ತಕ ಕೊಂಡೆ. ಈಜು ಕಲಿಯುವುದೊಂದು ಉಳಿಯಿತು.

ಭಾವನಲ್ಲಿ ಪಾತಿ ದೋಣಿಯಿತ್ತು. ಅವನ ಅಜ್ಜನ ಕಾಲದಲ್ಲಿ ಮರದ ದಿಮ್ಮಿ ಕೊರೆದು ಮಾಡುತ್ತಿದ್ದರಂತೆ, ಇದು ಫೈಬರಿನದು. ಕನೂ ಎಂದರೆ ಮೂಲದಲ್ಲಿ ಇದೇ ಎಂದು ವಿವರಿಸಿದೆ. "ಹೌದಾ ಭಾವ" ಎಂದ. ನಾನು ಅವನಿಗೆ ಭಾವ, ಅವನು ನನಗೆ ಭಾವ. ದೋಣಿಯಲ್ಲಿ ಇಬ್ಬರು ಭಾವಂದಿರು, ಬುದ್ಧಿ ಮಾತ್ರ ಹಿಂದೆ ಕೂತವನದು. ಮುಂದೆ ಕೂತು ನಾನು ಬಲಕ್ಕೆ ಹುಟ್ಟು ಹಾಕಿದರೆ ದೋಣಿ ಎಡಕ್ಕೆ ತಿರುಗಬೇಕು. ಆದರೆ ಅದು ಬಾಣದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನನ್ನ ಕೈ ಪಳಗಿತು ಎಂದುಕೊಂಡೆ. ಅರ್ಧ ಗಂಟೆಯ ನಂತರ ಹಿಂದಿರುಗಿ ನೋಡಿದರೆ ನನ್ನ ಒಂದೊಂದು ಏಟನ್ನೂ ಅವನು ತನ್ನ ಹುಟ್ಟಿನ ತುದಿಯಲ್ಲಿ ತಿದ್ದುತ್ತಿದ್ದ, ಶಾಲೆಯ ಮಾಸ್ತರು ಕಾಪಿ ತಿದ್ದುವ ಹಾಗೆ.

ಈ ಅಳಿವೆಗೆ 2024ರಲ್ಲಿ ರಾಮ್ಸರ್ ತಾಣದ ಅಂತರರಾಷ್ಟ್ರೀಯ ಗೌರವ ಸಿಕ್ಕಿತು ಎಂದೆ. ಭಾವ ಯೋಚಿಸಿ, "ಅವರು ಬಳಚು ತಿಂತಾರಾ?" ಎಂದು ಕೇಳಿದ.

ಎರಡೂ ಕಡೆ ಕಾಂಡ್ಲಾ ಗಿಡಗಳು. ಕೆಲವು ಕೊಂಬೆಗಳಿಂದ ನುಗ್ಗೆಕಾಯಿಯಂಥವು ಜೋತಾಡುತ್ತಿದ್ದವು. ಅವು ಕಾಯಲ್ಲ, ಸಸಿ. ಬೀಜ ತಾಯಿಯ ಮೈಮೇಲೆಯೇ ಮೊಳೆತು, ಬೆಳೆದು, ಆಮೇಲೆ ಕೆಳಗಿಳಿಯುತ್ತದೆ. ನಮ್ಮ ಮನೆಗಳ ಗಂಡುಮಕ್ಕಳಿಗೂ ಇದೇ ಪದ್ಧತಿ, ಇಳಿಯುವುದೊಂದು ಮಾತ್ರ ಖಾತ್ರಿಯಿಲ್ಲ. ಅಷ್ಟರಲ್ಲಿ ಸಣ್ಣದೊಂದು ಕವಲಿನೊಳಗೆ ನೀಲಿಯ ಮಿಂಚೊಂದು ನುಗ್ಗಿತು. ಮಿಂಚುಳ್ಳಿ! ಬಿಳಿ ಕುತ್ತಿಗೆ, ಕಪ್ಪು ತಲೆ. "ಒಳಗೆ ಹೋಗೋಣ" ಎಂದೆ.

"ನಿನ್ನೆ ಅಮಾಸೆ ಭಾವ. ಇಳಿತ ಜೋರಿದೆ."

ಹಕ್ಕಿಗೂ ಅಮಾವಾಸ್ಯೆಗೂ ಏನು ಸಂಬಂಧ ಎಂದು ಅವಸರ ಮಾಡಿದೆ. ಅಳಿಯನ ಮಾತು ಮೀರುವ ಮನೆತನವಲ್ಲ ಅವರದು. ಹೋದೆವು. ಮಿಂಚುಳ್ಳಿ ಇನ್ನೊಂದು ತಿರುವಿಗೆ ಹಾರಿತು, ನಾವೂ ತಿರುಗಿದೆವು. ಮೂರನೆಯ ತಿರುವಿನಲ್ಲಿ ದೋಣಿ ನಿಂತಿತು. ನೀರು ಎಂಬುದು ಹಾಗೆ ಕಾಲ್ತೆಗೆದು ಹೊರಟುಹೋಗಬಹುದು ಎಂದು ಪಿನಾಕಿನಿಯ ಮಗನಾದ ನನಗಾದರೂ ತಿಳಿದಿರಬೇಕಿತ್ತು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತವೂ ಹೆಚ್ಚು, ಇಳಿತವೂ ಹೆಚ್ಚು. ಇವರು ಪಂಚಾಂಗ ನೋಡುವುದು ರಾಹುಕಾಲಕ್ಕಲ್ಲ.

"ಇನ್ನು ನಾಲ್ಕು ತಾಸು" ಎಂದ ಭಾವ, ಬಸ್ಸು ತಡ ಎನ್ನುವ ಹಾಗೆ. ಲುಂಗಿ ಎತ್ತಿಕಟ್ಟಿ ಇಳಿದ, ಮೊಣಕಾಲವರೆಗೆ ಹೂತ, ಸರಾಗವಾಗಿ ನಡೆದುಹೋದ. ಸಾರಿಗೆ ಬಳಚು, ಅಂದರೆ ಕೆಸರಿನೊಳಗಿನ ಚಿಪ್ಪು, ಆರಿಸಬೇಕಂತೆ. ನಾನೂ ಒಂದು ಕಾಲಿಳಿಸಿದೆ. ಕಾಲು ವಾಪಸ್ಸು ಬಂತು, ಚಪ್ಪಲಿ ಬರಲಿಲ್ಲ. ದೋಣಿಯ ಒಡೆತನ ಸಂಪೂರ್ಣ ನನ್ನದಾಯಿತು.

ಕೆನಡಾದವರಿಗೆ ಸಿಗದಿದ್ದುದು ಸಿಕ್ಕಿದ್ದು ಆಗಲೇ. ಹುಟ್ಟಿನ ಸದ್ದಿಲ್ಲ, ನನ್ನ ಮಾತು ಕೇಳಲು ಭಾವನೂ ಇಲ್ಲ. ಹತ್ತು ನಿಮಿಷಕ್ಕೆ ಕೆಸರಿಗೆ ಕಣ್ಣು ಮೂಡತೊಡಗಿತು. ತಲೆಯ ಮೇಲೆ ಗೋಲಿಗಣ್ಣಿಟ್ಟುಕೊಂಡ ಮೀನುಗಳು ರೆಕ್ಕೆಯೂರಿ ತೆವಳುತ್ತ, ಚಂಗನೆ ಹಾರುತ್ತ ಬಂದವು. ಒಂದಂತೂ ಬೇರು ಹತ್ತಿ ಕೂತಿತು. ಮೈ ಒದ್ದೆಯಿದ್ದರೆ ಸಾಕು, ಚರ್ಮದಲ್ಲೇ ಉಸಿರಾಡುವ ಜೀವ. ಮೀನು ಮರ ಹತ್ತಿದೆ, ನಾನು ದೋಣಿಯಿಂದ ಇಳಿಯಲಾರೆ! ಬಿಲಗಳಿಂದ ಪುಟ್ಟ ಏಡಿಗಳು ಬಂದವು. ಗಂಡುಗಳಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು, ಅದನ್ನೆತ್ತಿ ಬಾ ಬಾ ಎಂದು ಬೀಸುವುದೇ ಕೆಲಸ. ಅದು ಹೆಣ್ಣುಗಳಿಗೆ ಎಂದು ಪುಸ್ತಕ ಹೇಳುತ್ತದೆ. ನೂರಾರು ಏಡಿಗಳು ಒಟ್ಟಿಗೆ ಕರೆಯುವಾಗ ಎದುರಿಗಿದ್ದವನು ನಾನೊಬ್ಬನೇ. ಸಂಕೋಚಕ್ಕೆ ಒಮ್ಮೆ ಕೈ ಬೀಸಿದೆ. ಅಷ್ಟೂ ಬಿಲದೊಳಗೆ ಮಾಯ. ಬಾಲ ಕುಣಿಸುತ್ತ ಒಂದು ಗೊರವ ದೋಣಿಯ ಮೂತಿಯವರೆಗೂ ಬಂದು ನನ್ನನ್ನು ದಿಮ್ಮಿ ಎಂದು ತೀರ್ಮಾನಿಸಿತು. ಇಷ್ಟು ಹತ್ತಿರ ದುರ್ಬೀನಿಗೆ ಏನೂ ಕಾಣುವುದಿಲ್ಲ.

ಆಮೇಲೆ ಬುಟ್ಟಿ ಹಿಡಿದ ಹೆಂಗಸರು ಬಂದರು, ಬಳಚು ಕೆದಕಲು. ಈಗ ವನ್ಯಜೀವಿ ನಾನಾದೆ.

"ಮೀನು ಹಿಡೀತ್ರಾ?"

"ಇಲ್ಲಮ್ಮಾ, ಹಕ್ಕಿ ನೋಡೋಕೆ ಬಂದೆ."

"ನಿಮ್ಮೂರಲ್ಲಿ ಹಕ್ಕಿ ಇಲ್ವಾ?"

ಇದಕ್ಕೆ ಉತ್ತರ ಈಗಲೂ ಹೊಳೆದಿಲ್ಲ. ಯಾರ ಮನೆ ಅಳಿಯ, ಮಕ್ಕಳೆಷ್ಟು, ಚಪ್ಪಲಿ ಎಲ್ಲಿ ಎಂದೆಲ್ಲ ದಾಖಲಿಸಿಕೊಂಡರು. ಒಬ್ಬಾಕೆ ಮೊಣಕೈವರೆಗೆ ಕೈಯಿಳಿಸಿ ಚಪ್ಪಲಿ ತೆಗೆದು, ತೊಳೆದು, ದೋಣಿಗೆ ಹಾಕಿದಳು.

ಭರತ ಬಂದಾಗ ಹೊತ್ತು ಇಳಿದಿತ್ತು. ಯಾರೋ ಕೆಳಗಿನಿಂದ ಅಂಗೈಯಲ್ಲಿ ಎತ್ತಿದ ಹಾಗೆ ದೋಣಿ ಮೆಲ್ಲಗೆ ತೇಲಿತು. ಭಾವ ಬುಟ್ಟಿ ಸಮೇತ ಹತ್ತಿದ. ಮರಳುವಾಗ ನಾನು ಹುಟ್ಟು ಮುಟ್ಟಲಿಲ್ಲ, ಮಾತೂ ಆಡಲಿಲ್ಲ. "ಮೈ ಹುಷಾರಿಲ್ವಾ ಭಾವ?" ಎಂದು ಅವನೇ ಎರಡು ಸಲ ಕೇಳಿದ.

ಮರುದಿನ ಪೇಟೆಗೆ ಮೀನು ತರಲು ಹೋದರೆ, ಸಾಲಿನ ತುದಿಯಲ್ಲಿ ಕೂತಿದ್ದಾಕೆ ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದಳು. "ಹಕ್ಕಿ ಅಳಿಯ ಬಂದ್ರು ಕಾಣೇ!" ಚಪ್ಪಲಿ ತೆಗೆದುಕೊಟ್ಟವಳು. ಲೆಕ್ಕದ ಬಳಚು ಚೀಲಕ್ಕೆ ಸುರಿದ ಮೇಲೆ, ಇನ್ನೊಂದು ಹಿಡಿ ಸೇರಿಸಿ, ನನ್ನ ಕಾಲಿನ ಕಡೆ ನೋಡಿದಳು. ನಾನು ಬೂಟು ಹಾಕಿಕೊಂಡು ಹೋಗಿದ್ದೆ.